ಮಸ್ಕಿಯಿಂದ ಬ್ರಹ್ಮಗಿರಿಗೆ ಸೈಕಲ್ ಮೇಲೆ

ಅಶೋಕನ ಶಾಸನಗಳನ್ನು ಕಾರಿನಲ್ಲಿ ಹೋಗಿ ಒಂದೊಂದಾಗಿ ನೋಡಿ ಬರ್ತೀವಿ. ನಡುವಿನ ದಾರಿ ಲೆಕ್ಕಕ್ಕೇ ಬರಲ್ಲ. ಅದಕ್ಕೇ ಈ ಸಲ ಗ್ರ್ಯಾವೆಲ್ ಸೈಕಲ್ ಹತ್ತಿದೆ. ಹಿಂದೆ ಗಾಡಿ ಇಲ್ಲ. ನೀರು, ಪಂಕ್ಚರ್ ಸಾಮಾನು, ಚಾಪೆ ಎಲ್ಲ ನನ್ನದೇ ಹೊರೆ.

ಮಸ್ಕಿ ಶಾಸನವನ್ನು 1915ರಲ್ಲಿ ಕಂಡುಹಿಡಿದ ಬೀಡನ್ ಚಿನ್ನದ ಗಣಿಯ ಎಂಜಿನಿಯರ್ (ನಮ್ಮವನೇ ಅಂತ ಸಣ್ಣ ಹೆಮ್ಮೆ). ಅಲ್ಲಿಂದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ನೇರ ಗೆರೆ ಎಳೆದರೆ ಸುಮಾರು 130 ಕಿ.ಮೀ. ತುಂಗಭದ್ರೆಯ ಹತ್ತಿರ, ಗೆರೆಗೆ ತುಸು ಪೂರ್ವಕ್ಕೆ, ಉಡೇಗೋಳ ಮತ್ತು ನಿಟ್ಟೂರು. ಎರಡರಲ್ಲೂ ಅಶೋಕನ ಶಾಸನ ಇದೆ. ಇದು ಆಕಸ್ಮಿಕ ಅಂತ ನನಗನ್ನಿಸಲ್ಲ. ಬಂಡೆಗಳು ಓಡಾಟದ ದಾರಿಯಲ್ಲೇ ಇದ್ದಿರಬೇಕು.

ಬ್ರಹ್ಮಗಿರಿ ಶಾಸನ ಶುರುವಾಗೋದೇ ಪತ್ರದ ಹಾಗೆ. ಸುವರ್ಣಗಿರಿಯಿಂದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ಆಜ್ಞೆ ಹೇಳ್ತಾರೆ. ಸುವರ್ಣಗಿರಿ ಮಸ್ಕಿಯೋ, ಕನಕಗಿರಿಯೋ, ಆಂಧ್ರದ ಜೊನ್ನಗಿರಿಯೋ, ವಾದ ಮುಗಿದಿಲ್ಲ. ಎಲ್ಲೇ ಇರಲಿ, ಆ ಮಾತು ದಿನಗಟ್ಟಲೆ ದಾರಿ ಸವೆಸಿಯೇ ಇಲ್ಲಿಗೆ ಬಂದದ್ದು.

ಶಾಸನದಲ್ಲಿ 256 ಎಂಬ ಅಂಕಿ ಇದೆ. ಬುದ್ಧನ ನಿರ್ವಾಣದಿಂದ ಎಣಿಸಿದ ವರ್ಷ ಅಂತ ಹಿಂದೆ ಕೆಲವರು ಓದಿದ್ದರು. ಪ್ರವಾಸದಲ್ಲಿ ಕಳೆದ ರಾತ್ರಿಗಳು ಅನ್ನೋದು ಈಗ ಹೆಚ್ಚು ಜನ ಒಪ್ಪುವ ಅರ್ಥ. ಗುಡಿಯ ಜಗಲಿ ಮೇಲೆ ಮಲಗಿದಾಗ ನಾನೂ ರಾತ್ರಿಗಳನ್ನೇ ಎಣಿಸ್ತಿದ್ದೆ. ಪುರಾವೆ ಅಲ್ಲ, ಗೊತ್ತು.

ಕೊನೆಯಲ್ಲಿ ಚಪಡನ ಸಹಿ. ಬರಹವೆಲ್ಲ ಬ್ರಾಹ್ಮಿ, 'ಲಿಪಿಕಾರ' ಎಂಬ ಪದ ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ. ಅದು ಗಾಂಧಾರದ ಕಡೆಯ ಲಿಪಿ. ಅವನು ಅಲ್ಲಿಯವನೋ, ಅಲ್ಲಿ ಕೆಲಸ ಕಲಿತವನೋ. ನನಗಂತೂ ಮಸ್ಕಿಯಿಂದ ಬರೋಷ್ಟರಲ್ಲೇ ಮೊಣಕಾಲು ಹಿಡಿದಿತ್ತು.