ಅಬಿಡ್ಸ್ ಮಗ್ಗುಲಿನ ಫುಟ್‌ಬಾಲ್ ಮೇಷ್ಟ್ರುಗಳು

ಹೈದರಾಬಾದಿನಲ್ಲಿ ಫುಟ್‌ಬಾಲ್ ಆಡಿದವರು ಮುಂದೆ ಕೋಚ್ ಆಗುವ ಪರಂಪರೆಗೆ ತಳಪಾಯ ಹಾಕಿದವರು ಒಬ್ಬ ಶಾಲಾ ಮೇಷ್ಟ್ರು. ಅವರ ಹೆಸರು ಸೈಯದ್ ಅಬ್ದುಲ್ ರಹೀಂ. 1909ರಲ್ಲಿ ಹುಟ್ಟಿ, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲಿನ ತಂಡಕ್ಕೂ ಊರಿನ ಕಮರ್ ಕ್ಲಬ್ಬಿಗೂ ಆಡಿದವರು. ಹೊಟ್ಟೆಪಾಡಿಗೆ ಕಾಚಿಗುಡ, ಚಾದರ್‌ಘಾಟ್‌ಗಳ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದರು. ಆಟಗಾರರಾಗಿ ಅವರ ಹೆಸರು ಊರಾಚೆಗೆ ಹೋಗಲಿಲ್ಲ. ಹೋದದ್ದು ಅವರು ಕಲಿಸಿದ ಆಟ.

ಈ ಆಟ ಬೆಳೆದ ಹೈದರಾಬಾದಿನ ನಡುಮಧ್ಯದಲ್ಲಿದೆ ಅಬಿಡ್ಸ್. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಸೇವೆಯಲ್ಲಿದ್ದ ಆಲ್ಬರ್ಟ್ ಅಬಿಡ್ ಎಂಬಾತ ಅಲ್ಲಿ ಅಂಗಡಿ ಇಟ್ಟಿದ್ದ. ಅಂಗಡಿ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಇಡೀ ಪೇಟೆಗೆ ಅಂಟಿಕೊಂಡಿತು. ಪೇಟೆಯ ಒಂದು ಮಗ್ಗುಲಿಗೆ ಗೋಶಾಮಹಲಿನ ಪೊಲೀಸ್ ಸ್ಟೇಡಿಯಂ, ಇನ್ನೊಂದು ಮಗ್ಗುಲಿಗೆ ನಿಜಾಮ್ ಕಾಲೇಜಿನ ಬಯಲು ಮತ್ತು ಫತೇ ಮೈದಾನ. 1687ರ ಗೋಲ್ಕೊಂಡ ಮುತ್ತಿಗೆಯ ಹೊತ್ತಿನಲ್ಲಿ ಮೊಗಲ್ ಸೈನ್ಯ ಬೀಡುಬಿಟ್ಟಿದ್ದ ಆ ಬಯಲಿಗೆ ಗೆಲುವಿನ ನೆನಪಿಗೆ ಫತೇ ಎಂಬ ಹೆಸರು ಬಂತು. ಅಲ್ಲಿ ಎದ್ದ ಕ್ರೀಡಾಂಗಣಕ್ಕೆ 1967ರಿಂದ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಹೆಸರು.

ನಗರದ ಹೆಮ್ಮೆಯ ತಂಡ ಹೈದರಾಬಾದ್ ಸಿಟಿ ಪೊಲೀಸ್. 1943ರಲ್ಲಿ ಬೆಂಗಳೂರಿಗೆ ಬಂದು ಆಶೆ ಗೋಲ್ಡ್ ಕಪ್ ಗೆದ್ದಾಗ ಅದರ ಹೆಸರು ಹೊರಗಿನವರ ಕಿವಿಗೆ ಬಿತ್ತು. ಆ ಕಾಲದಲ್ಲಿ ಬೆಂಗಳೂರೇನೂ ಸಾಮಾನ್ಯ ಊರಲ್ಲ. ಬ್ಯಾಂಗಲೋರ್ ಮುಸ್ಲಿಮ್ಸ್ ತಂಡ 1937, 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಬೆನ್ನುಬೆನ್ನಿಗೆ ಹೊತ್ತು ತಂದಿತ್ತು. 1950ರಲ್ಲಿ ಪೊಲೀಸ್ ತಂಡದ ಹೊಣೆ ರಹೀಂ ಅವರ ಕೈಗೆ ಬಂತು. ಆ ವರ್ಷದಿಂದ 1954ರವರೆಗೆ ರೋವರ್ಸ್ ಕಪ್ ಸತತ 5 ಸಲ ಹೈದರಾಬಾದಿಗೇ ಬಂತು. ಡ್ಯುರಾಂಡ್ ಕಪ್ಪನ್ನು ಅವರ ಕಾಲದಲ್ಲಿ 4 ಸಲ ಗೆದ್ದರು. 1961ರ ಕೊನೆಯ ಗೆಲುವಿನ ಹೊತ್ತಿಗೆ ರಾಜ್ಯವೇ ಬದಲಾಗಿ, ತಂಡದ ಹೆಸರು ಆಂಧ್ರ ಪ್ರದೇಶ ಪೊಲೀಸ್ ಎಂದಾಗಿತ್ತು.

ರಹೀಂ ಸಾಹೇಬರ ಕಲಿಸುವ ಬಗೆ ಪೂರಾ ಮೇಷ್ಟ್ರದೇ. ಒಂದು ತಪ್ಪು ತಿದ್ದಬೇಕೆಂದರೆ ಅದಕ್ಕೇ ಒಂದು ಪಂದ್ಯಾವಳಿ ಹೂಡುತ್ತಿದ್ದರು. ಡ್ರಿಬಲ್ ಮಾಡುವಂತಿಲ್ಲ ಎಂಬ ನಿಯಮದ ಪಂದ್ಯಾವಳಿ ಒಂದು. ಚೆಂಡು ಕಾಲಿಗೆ ಬಂದೊಡನೆ ಇನ್ನೊಬ್ಬನಿಗೆ ಕೊಡಲೇಬೇಕು, ಅದಕ್ಕೆ ಮೊದಲೇ ತಲೆಯೆತ್ತಿ ಯಾರು ಎಲ್ಲಿದ್ದಾರೆಂದು ನೋಡಿಕೊಂಡಿರಬೇಕು. ಇನ್ನೊಂದು, ಬಾರದ ಕಾಲಿನಿಂದಷ್ಟೇ ಒದೆಯಬೇಕಾದ ಪಂದ್ಯಾವಳಿ. ಶಾಲಾ ಹುಡುಗರಿಗೆ ವಯಸ್ಸಿನ ಬದಲು ಎತ್ತರದ ಮಿತಿಯಿಟ್ಟು ಆಡಿಸಿದರು. ವಯಸ್ಸಿನ ಸರ್ಟಿಫಿಕೇಟನ್ನು ತಿದ್ದಬಹುದು, ಎತ್ತರವನ್ನು ತಿದ್ದುವುದು ಕಷ್ಟ. ಭಾರತಕ್ಕೆ 4-2-4 ವ್ಯೂಹವನ್ನು ತಂದವರೂ ಇವರೇ. ಒಬ್ಬ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಓಡಿ ಚಪ್ಪಾಳೆ ಗಿಟ್ಟಿಸುತ್ತಿದ್ದ ಕಾಲದಲ್ಲಿ ಇದು ಜನಕ್ಕೆ ರುಚಿಸುವ ಪಾಠವಾಗಿರಲಿಲ್ಲ.

ಇದೇ ಪಾಠವನ್ನು ಅವರು ದೇಶದ ತಂಡಕ್ಕೂ ಹೇಳಿದರು. 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಇರಾನನ್ನು 1-0ಯಿಂದ ಸೋಲಿಸಿ ಚಿನ್ನ. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯದ ಕೈಯಲ್ಲಿ 10-1ರ ಸೋಲು; ಆ ಚಳಿಯಲ್ಲೂ ನಮ್ಮ ಹಲವರು ಬರಿಗಾಲಲ್ಲಿ ಆಡಿದ್ದರು. ಬೂಟು ಕಡ್ಡಾಯವಾದದ್ದು ಆ ಪೆಟ್ಟಿನ ನಂತರ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು ಕಲಬುರಗಿ, ರಾಯಚೂರು, ಬೀದರ್ ಮೈಸೂರಿಗೆ ಸೇರಿದವು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು ಮೆಲ್ಬರ್ನಿನಲ್ಲಿ ರಹೀಂ ಅವರ ತಂಡ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿತು. ನೆವಿಲ್ ಡಿಸೋಜ ಹ್ಯಾಟ್ರಿಕ್ ಹೊಡೆದರು. ಒಲಿಂಪಿಕ್ಸ್ ಸೆಮಿಫೈನಲ್ ಮುಟ್ಟಿದ ಆ ತಂಡದಲ್ಲಿ ಸಿಕಂದರಾಬಾದಿನ ತುಳಸೀದಾಸ್ ಬಲರಾಂ ಇದ್ದರು, ಮೈಸೂರು ರಾಜ್ಯದ ಹಾಫ್‌ಬ್ಯಾಕ್ ಎಂ. ಕೆಂಪಯ್ಯನವರೂ ಇದ್ದರು.

1962ರ ಜಕಾರ್ತ ಏಷ್ಯನ್ ಗೇಮ್ಸ್‌ನ ಹೊತ್ತಿಗೆ ರಹೀಂ ಅವರಿಗೆ ಕ್ಯಾನ್ಸರ್. ಮೊದಲ ಪಂದ್ಯವನ್ನೇ ದಕ್ಷಿಣ ಕೊರಿಯಾಗೆ 2-0ಯಿಂದ ಸೋತರು. ಇಸ್ರೇಲ್, ತೈವಾನ್‌ಗಳನ್ನು ಹೊರಗಿಟ್ಟ ಕೂಟವನ್ನು ಏಷ್ಯನ್ ಗೇಮ್ಸ್ ಎನ್ನಬಾರದೆಂದು ಭಾರತದ ಜಿ.ಡಿ. ಸೊಂಧಿ ತಕರಾರು ಎತ್ತಿದ್ದರಿಂದ ಅಲ್ಲಿನ ಜನ ಭಾರತದ ಮೇಲೆ ಕೆಂಡವಾಗಿದ್ದರು. ಬ್ಯಾಕ್ ಆಟಗಾರ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ಆ ಗಾಯಾಳುವನ್ನು ಕೂರಿಸುವ ಬದಲು ರಹೀಂ ಮುಂದಿನ ಸಾಲಿಗೆ ತಳ್ಳಿದರು. ಜರ್ನೈಲ್ ಸೆಮಿಫೈನಲಿನಲ್ಲೂ ಗೋಲು ಹೊಡೆದರು, ಸೆಪ್ಟೆಂಬರ್ 4ರ ಫೈನಲಿನಲ್ಲೂ ಹೊಡೆದರು. ಇನ್ನೊಂದು ಗೋಲು ಪಿ.ಕೆ. ಬ್ಯಾನರ್ಜಿಯವರದು. ಗೋಲಿನಲ್ಲಿ ನಿಂತಿದ್ದವರು ಹೈದರಾಬಾದಿನಲ್ಲೇ ಹುಟ್ಟಿದ ಪೀಟರ್ ತಂಗರಾಜ್. ಅದೇ ಕೊರಿಯಾ ವಿರುದ್ಧ 2-1. ಏಷ್ಯನ್ ಗೇಮ್ಸ್ ಫುಟ್‌ಬಾಲಿನಲ್ಲಿ ಭಾರತಕ್ಕೆ ಅಲ್ಲಿಂದೀಚೆ ಚಿನ್ನ ಬಂದಿಲ್ಲ. 1963ರ ಜೂನ್ 11ರಂದು ರಹೀಂ ತೀರಿಕೊಂಡರು.

ಅಮೆರಿಕದವರ ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬವನೊಬ್ಬ ಇಡೀ ತಂಡದ ನಡೆಯನ್ನು ಕೂಗಿ ಹೇಳುತ್ತಾನೆ. ಕಾಲು ಸೋತ ಮೇಲೆ ಅವನು ಕೋಚ್ ಆಗುವುದು ಅಲ್ಲಿ ಅಪರೂಪವಲ್ಲ. ನಮ್ಮ ಕಾಲ್ಚೆಂಡಿನಲ್ಲಿ ಅಂಥ ನೋಟ ಸಿಗುವುದು ಹಿಂದಿನ ಸಾಲಿನವರಿಗೆ, ಮೈದಾನವೆಲ್ಲ ಅವರ ಕಣ್ಣೆದುರಿಗೇ ಹರಡಿಕೊಂಡಿರುವುದರಿಂದ. ಪೊಲೀಸ್ ತಂಡದಲ್ಲಿ ಪಳಗಿದ ಡಿಫೆಂಡರ್ ಸೈಯದ್ ನಯೀಮುದ್ದೀನ್ ಅಂಥವರು. 1970ರಲ್ಲಿ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದ ಭಾರತ ತಂಡದ ನಾಯಕರು; ಆ ವರ್ಷವೇ ಅರ್ಜುನ ಪ್ರಶಸ್ತಿ. ಕೋಚ್ ಆದ ಮೇಲೆ 1990ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ. ಎರಡನ್ನೂ ಪಡೆದ ಫುಟ್‌ಬಾಲಿಗರು ವಿರಳ. ಬಾಂಗ್ಲಾದೇಶದ ತಂಡಕ್ಕೂ ಅವರು ಕಲಿಸಿದರು.

ಉಳಿದವರು ಬೇರೆ ಬೇರೆ ಊರು ಹಿಡಿದರು. 1977ರಲ್ಲಿ ಕೊಲ್ಕತ್ತದಲ್ಲಿ ಪೆಲೆಯ ಕಾಸ್ಮಾಸ್ ತಂಡದ ವಿರುದ್ಧ ಮೋಹನ್ ಬಾಗಾನ್ ಪರ ಗೋಲು ಹೊಡೆದ ಮೊಹಮ್ಮದ್ ಹಬೀಬ್ ಮುಂದೆ ಟಾಟಾ ಫುಟ್‌ಬಾಲ್ ಅಕಾಡೆಮಿಯ ಹುಡುಗರಿಗೆ ಕಲಿಸಿದರು. ಶಬ್ಬೀರ್ ಅಲಿ ಗೋವಾದ ಸಲ್ಗಾಂವ್ಕರ್ ತಂಡಕ್ಕೆ 1998-99ರ ರಾಷ್ಟ್ರೀಯ ಲೀಗ್ ಗೆದ್ದುಕೊಟ್ಟರು. ಆಡುವಾಗಲೂ ಕಲಿಸುವಾಗಲೂ ದುಡಿಮೆ ಕೊಲ್ಕತ್ತ, ಗೋವಾಗಳಲ್ಲಿ. ಪೊಲೀಸ್ ನೌಕರಿಯ ಸಂಬಳ ಆ ಕ್ಲಬ್ಬುಗಳ ಹಣಕ್ಕೆ ಎಲ್ಲಿ ಸಾಟಿ? ಹೀಗಾಗಿ ಹೈದರಾಬಾದಿನ ಪಾಠ ಊರೂರಿಗೆ ಹಬ್ಬಿತು, ಹೈದರಾಬಾದಿನಲ್ಲೇ ಬಡವಾಯಿತು.

ರಹೀಂ ಅವರ ಮಗ ಸೈಯದ್ ಶಾಹಿದ್ ಹಕೀಂ 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದರು, ಆದರೆ ಅವರನ್ನು ಕಣಕ್ಕಿಳಿಸಲಿಲ್ಲ, ಕೋಚ್ ಅಪ್ಪನೇ. ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿ, ಫಿಫಾ ರೆಫರಿಯಾಗಿ, 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಪಿ.ಕೆ. ಬ್ಯಾನರ್ಜಿಯವರಿಗೆ ಸಹಾಯಕ ಕೋಚ್ ಆಗಿ ದುಡಿದರು. 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಬಂತು. 2021ರ ಆಗಸ್ಟ್ 22ರಂದು, ಒಂದು ಕಾಲಕ್ಕೆ ಹೈದರಾಬಾದ್ ರಾಜ್ಯದ್ದೇ ಆಗಿದ್ದ ಕಲಬುರಗಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಮರುವರ್ಷದ ಮಾರ್ಚಿನಲ್ಲಿ ಹೈದರಾಬಾದ್ ಎಫ್‌ಸಿ ಇಂಡಿಯನ್ ಸೂಪರ್ ಲೀಗ್ ಗೆದ್ದಿತು. ಅದರ ಮೈದಾನ ಅಬಿಡ್ಸ್‌ನಿಂದ ದೂರದ ಗಚ್ಚಿಬೌಲಿಯಲ್ಲಿ, ಕೋಚ್ ಸ್ಪೇನಿನ ಮನೊಲೊ ಮಾರ್ಕೆಜ್. 2025ರಲ್ಲಿ ಆ ಕ್ಲಬ್ಬೂ ದೆಹಲಿಗೆ ಹೊರಟುಹೋಯಿತು.