ಕಾಯುವ ಪೆಟ್ಟಿಗೆ

ನಾನು ನಿವೃತ್ತನಾದ ವರ್ಷ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ಕೈಯಾರೆ ಜೋಡಿಸಿದ ಆಂಪ್ಲಿಫೈಯರ್ ಒಂದನ್ನು ತಂದುಕೊಟ್ಟನು. ಅದರಲ್ಲಿ ಕೇಳಿದ ವೀಣೆಯ ನಾದವನ್ನು ಬಣ್ಣಿಸಲಾರೆ. ಧೂಳು ತಾಗದಿರಲೆಂದು ನಾವು ಅದನ್ನು ಗಾಜಿನ ಬಾಗಿಲಿನ ಬೀರುವಿನೊಳಗಿಟ್ಟು, ಮೇಲೊಂದು ಕಸೂತಿ ವಸ್ತ್ರವನ್ನೂ ಹೊದಿಸಿದೆವು. ಮೂರನೆಯ ಬೇಸಿಗೆಯಲ್ಲಿ ಅದು ಗುಂಯ್‌ಗುಟ್ಟತೊಡಗಿ, ಒಂದು ಸಂಜೆ ನಿಂತೇಹೋಯಿತು. ಅದನ್ನು ಬಿಚ್ಚಿ ನೋಡಿದ ಶಿಷ್ಯನು, "ಸಾರ್, ಇದಕ್ಕೆ ಉಸಿರಾಡಲು ಜಾಗವನ್ನೇ ಬಿಟ್ಟಿಲ್ಲವಲ್ಲ" ಎಂದಷ್ಟೇ ಹೇಳಿದನು. ಉಷ್ಣ ಪ್ರಸರಣದ ಪಾಠವನ್ನು ಅವನಿಗೆ ಹೇಳಿಕೊಟ್ಟವನು ನಾನೇ! ಆ ನಾಚಿಕೆಯೇ ಈ ಪೆಟ್ಟಿಗೆಯ ಚರಿತ್ರೆಯನ್ನು ಓದುವಂತೆ ನನ್ನನ್ನು ಪ್ರೇರೇಪಿಸಿತು.

ಧ್ವನಿವರ್ಧನೆಯ ಕಥೆಗೂ ಶಾಖದ ಕಥೆಗೂ ಆದಿಯಿಂದಲೇ ನಂಟು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ರೂಪಿಸಿದ ಆಡಿಯಾನ್ ವಾಲ್ವಿನಲ್ಲಿ ತಂತಿ ಕೆಂಪಗೆ ಕಾದರೆ ಮಾತ್ರ ಎಲೆಕ್ಟ್ರಾನುಗಳು ಹೊರಬರುತ್ತಿದ್ದವು. 1947ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಡಿ. ಟಿ. ಎನ್. ವಿಲಿಯಮ್ಸನ್ ಎಂಬ ಎಂಜಿನಿಯರು ಪ್ರಕಟಿಸಿದ ವಿನ್ಯಾಸವು ಮನೆಯಲ್ಲಿ ಸಂಗೀತ ಕೇಳುವವರಿಗೆ ಬಹುಕಾಲ ಮಾದರಿಯಾಯಿತು. ಅದು ಕೊಡುತ್ತಿದ್ದುದು 15 ವ್ಯಾಟ್ ಧ್ವನಿಶಕ್ತಿ. ಅದರ ಎರಡು ಕೆಟಿ66 ವಾಲ್ವುಗಳ ತಂತಿಗಳನ್ನು ಕಾಯಿಸುವುದಕ್ಕೇ 16 ವ್ಯಾಟ್ ಬೇಕಾಗುತ್ತಿತ್ತು! ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿಯೂ 1961ರಿಂದ ರೇಡಿಯೋ ವಾಲ್ವುಗಳು ತಯಾರಾದವು.

1947ರ ಡಿಸೆಂಬರ್‌ನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಜನಿಸಿತು. ಅದಕ್ಕೆ ಕಾಯಿಸಬೇಕಾದ ತಂತಿಯಿಲ್ಲ. ಆದುದರಿಂದ ಬಿಸಿಯ ಕಾಟ ತೀರಿತೆಂದು ಭಾವಿಸಿದವರುಂಟು. ಆದರೆ ವಿದ್ಯುತ್ ಉಳಿಸಲು ಎರಡು ಟ್ರಾನ್ಸಿಸ್ಟರುಗಳಿಗೆ ಅಲೆಯ ಅರ್ಧರ್ಧವನ್ನು ಹಂಚಿಕೊಟ್ಟಾಗ, ಒಂದರ ಸರದಿ ಮುಗಿದು ಇನ್ನೊಂದರ ಸರದಿ ತೊಡಗುವ ಸಂಧಿಯಲ್ಲಿ ನಾದವು ತುಸು ಎಡವುತ್ತಿತ್ತು. ಸೂಕ್ಷ್ಮವಾದ ಕಿವಿಗಳಿಗೆ ಅದು ಸಹ್ಯವಾಗಲಿಲ್ಲ.

ಇದಕ್ಕೆ ಪರಿಹಾರ 'ಕ್ಲಾಸ್ ಎ' ಎಂಬ ಹಳೆಯ ಕ್ರಮ. ಇಲ್ಲಿ ಯಾವ ಟ್ರಾನ್ಸಿಸ್ಟರೂ ಒಂದು ಕ್ಷಣವೂ ವಿರಮಿಸುವುದಿಲ್ಲ. ಗಿರಾಕಿ ಬರಲಿ, ಬಾರದಿರಲಿ, ಕಾಫಿ ಹೋಟೆಲಿನ ಒಲೆಯ ಮೇಲೆ ನೀರು ಕುದಿಯುತ್ತಲೇ ಇರುವ ಹಾಗೆ ಅದರಲ್ಲಿ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಜಾನ್ ಲಿನ್ಸ್‌ಲಿ ಹುಡ್ ಎಂಬವರು 1969ರ ಏಪ್ರಿಲ್‌ನಲ್ಲಿ, ಅದೇ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ, ಇಂತಹ 10 ವ್ಯಾಟ್‌ನ ಸರಳ ವಿನ್ಯಾಸವೊಂದನ್ನು ಪ್ರಕಟಿಸಿದರು. ನನ್ನ ಶಿಷ್ಯನು ಜೋಡಿಸಿದ್ದು ಅದನ್ನೇ. ಅದರ ಲೆಕ್ಕ ಸುಲಭವಾದುದು: 27 ವೋಲ್ಟ್, 1.2 ಆಂಪಿಯರ್, ಗುಣಿಸಿದರೆ ಸುಮಾರು 32 ವ್ಯಾಟ್. ಎರಡು ಚಾನೆಲ್‌ಗಳಿಗೆ 65 ವ್ಯಾಟ್. ಹಾಡು ಜೋರಾಗಿದ್ದಾಗ ಇದರಲ್ಲೊಂದು ಪಾಲು ಸ್ಪೀಕರಿಗೆ ಸಲ್ಲುತ್ತದೆ. ಹಾಡು ನಿಂತಾಗ ಅಷ್ಟೂ ಶಾಖವಾಗುತ್ತದೆ. ಅಂದರೆ ಈ ಯಂತ್ರವು ಅತ್ಯಂತ ಬಿಸಿಯಾಗುವುದು ಮೌನದಲ್ಲಿ!

ಶ್ರೀಮಂತರ ಯಂತ್ರಗಳು ಇದನ್ನೂ ಮೀರಿಸಿದವು. 1977ರಲ್ಲಿ ಬಂದ ಮಾರ್ಕ್ ಲೆವಿನ್ಸನ್ ಎಂಎಲ್-2 ಎಂಬುದು 25 ವ್ಯಾಟ್ ನಾದಕ್ಕಾಗಿ ಸುಮಾರು 400 ವ್ಯಾಟ್ ನುಂಗುತ್ತಿತ್ತು. ಸ್ಟೀರಿಯೋಗೆ ಅಂತಹವು ಎರಡು ಬೇಕು. ಅದರ ಇಕ್ಕೆಲಗಳಲ್ಲಿ ಚಾಚಿದ ಲೋಹದ ರೆಕ್ಕೆಗಳು ಅಲಂಕಾರಕ್ಕಲ್ಲ, ಬಿಸಿಯನ್ನು ಗಾಳಿಗೆ ಒಪ್ಪಿಸುವುದಕ್ಕೆ.

ಬಿಸಿಯನ್ನು ಒಳಗೇ ಕೂಡಿಹಾಕಿದರೆ ಎರಡು ಕೇಡುಗಳು. ಟ್ರಾನ್ಸಿಸ್ಟರು ಕಾದಷ್ಟೂ ಹೆಚ್ಚು ವಿದ್ಯುತ್ತನ್ನು ಹರಿಯಗೊಡುತ್ತದೆ. ಹೆಚ್ಚು ಹರಿದಷ್ಟೂ ಮತ್ತೆ ಕಾಯುತ್ತದೆ. ತಡೆಯುವ ಏರ್ಪಾಡಿಲ್ಲದಿದ್ದರೆ ಕೊನೆಗೆ ಸುಟ್ಟೇಹೋಗುತ್ತದೆ. ಎರಡನೆಯದು ಕೆಪಾಸಿಟರುಗಳಿಗೆ ಒದಗುವ ಕೇಡು. ಅವುಗಳೊಳಗಿನ ದ್ರಾವಣ ಮೆಲ್ಲಮೆಲ್ಲನೆ ಆರುತ್ತದೆ. ತಾಪ 10 ಡಿಗ್ರಿ ಏರಿದರೆ ಅವುಗಳ ಆಯುಸ್ಸು ಅರ್ಧವಾಗುತ್ತದೆಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ನಮ್ಮ ಬೀರುವಿನಲ್ಲಿ ನಡೆದದ್ದು ಇದೇ.

ಈಗ 'ಕ್ಲಾಸ್ ಡಿ' ಬಂದಿದೆ. ಪಡೆದ ವಿದ್ಯುತ್ತಿನಲ್ಲಿ ಶೇಕಡಾ 90ರಷ್ಟನ್ನು ಸ್ಪೀಕರಿಗೆ ತಲುಪಿಸಬಲ್ಲುದು, ಮುಟ್ಟಿದರೆ ತಣ್ಣಗಿರುತ್ತದೆ. ವಿವೇಕವು ಅದರ ಕಡೆಗೇ ಎಂಬುದನ್ನು ಅಲ್ಲಗಳೆಯಲಾರೆ. ಆದರೂ ಶಿಷ್ಯನು ಕೆಪಾಸಿಟರು ಬದಲಿಸಿ ತಂದುಕೊಟ್ಟ ಆ ಹಳೆಯ ಪೆಟ್ಟಿಗೆಯನ್ನು ನಾನು ಬಿಟ್ಟಿಲ್ಲ. ಈಗ ಅದು ಕಿಟಕಿಯ ಬಳಿ, ತೆರೆದ ಮೇಜಿನ ಮೇಲಿದೆ; ಸುತ್ತಲೂ ಒಂದು ಗೇಣು ಜಾಗ, ಮೇಲೆ ಬಟ್ಟೆಯಿಲ್ಲ. ಕೇಳುವಾಗ ಮಾತ್ರ ಹಚ್ಚುತ್ತೇನೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಅದಕ್ಕೆ ರಜೆ, ಶಾಲೆಯ ಮಕ್ಕಳಿಗಿದ್ದಂತೆಯೇ.

ನಮ್ಮ ಭಾಷೆಯಲ್ಲಿ 'ಕಾಯು' ಎಂಬ ಕ್ರಿಯಾಪದಕ್ಕೆ ಬಿಸಿಯಾಗು ಎಂದೂ ಅರ್ಥ, ಎದುರುನೋಡು ಎಂದೂ ಅರ್ಥ. ತರಗತಿಯಲ್ಲಿ ಇದನ್ನು ಎಷ್ಟೋ ಸಲ ಹೇಳಿರಬೇಕು. ಎರಡೂ ಅರ್ಥಗಳಲ್ಲಿ ಏಕಕಾಲಕ್ಕೆ ಕಾಯುವ ವಸ್ತುವೊಂದನ್ನು ಶಿಷ್ಯನೇ ನನಗೆ ತೋರಿಸಿಕೊಡಬೇಕಾಯಿತು.