ಎಷ್ಟಕ್ಕೆ ಎಷ್ಟು?

ದೊಡ್ಡಪ್ಪನ ಪ್ರಾಸ್ಟೇಟ್ ಎಂಆರ್‌ಐ ರಿಪೋರ್ಟಿನ ಕೊನೇ ಸಾಲಲ್ಲಿ ‘ಪೈ-ರ್ಯಾಡ್ಸ್ 3’ ಅಂತಿತ್ತು. ಊರಿಂದ ಫೋನ್ ಮಾಡಿ ಕೇಳಿದ್ರು, “ಎಷ್ಟಕ್ಕೆ ಮೂರು ಮಗಾ?”

“ಐದಕ್ಕೆ ದೊಡ್ಡಪ್ಪ.”

“ಅಂದ್ರೆ ಪಾಸೋ ಫೇಲೋ?”

1 ಅಂದ್ರೆ ಅಪಾಯದ ಕ್ಯಾನ್ಸರ್ ಇರೋ ಸಾಧ್ಯತೆ ತೀರಾ ಕಮ್ಮಿ, 5 ಅಂದ್ರೆ ತೀರಾ ಜಾಸ್ತಿ. 3 ಅಂದ್ರೆ ಹೇಳಕ್ಕಾಗಲ್ಲ. ದಿನಾ ಕೋಡ್ ಬರೆಯೋ ನನಗೆ ಸಂಖ್ಯೆ ಕಂಡ್ರೆ ಅದರ ಯೂನಿಟ್ ಹುಡುಕೋ ಚಟ. ಈ ಮೂರಕ್ಕೆ ಯೂನಿಟ್ಟೇ ಇಲ್ಲ. ಅದು ಅಳತೆಯಲ್ಲ, ಚಿತ್ರ ನೋಡಿದ ರೇಡಿಯಾಲಜಿಸ್ಟ್ ಕೊಟ್ಟ ಅಭಿಪ್ರಾಯ.

ತಮಾಷೆ ಅಂದ್ರೆ, ಎಂಆರ್‌ಐ ಕಥೆ ಶುರುವಾಗಿದ್ದೇ ಚಿತ್ರವಿಲ್ಲದ ಬರೀ ಸಂಖ್ಯೆಯಿಂದ. 1971ರಲ್ಲಿ ಅಮೆರಿಕದ ವೈದ್ಯ ರೇಮಂಡ್ ಡಮೇಡಿಯನ್ ಇಲಿಗಳ ಕ್ಯಾನ್ಸರ್ ಗೆಡ್ಡೆಗಳನ್ನು ಕತ್ತರಿಸಿ ಕಾಂತದ ನಡುವೆ ಇಟ್ಟ. ಅಂಗಾಂಶದ ನೀರಿನಲ್ಲಿರುವ ಹೈಡ್ರೋಜನ್ನನ್ನು ರೇಡಿಯೊ ಅಲೆಯಿಂದ ಕೆಣಕಿ ಬಿಟ್ಟರೆ, ಅದು ಮತ್ತೆ ಸುಮ್ಮನಾಗೋಕೆ ಒಂದಿಷ್ಟು ಹೊತ್ತು ತಗೊಳ್ಳುತ್ತೆ. ಗೆಡ್ಡೆಯಲ್ಲಿ ಆ ಹೊತ್ತು ಜಾಸ್ತಿ. ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಆತನ ಲೇಖನದ ತಿರುಳು ಇಷ್ಟೇ.

ಅದೇ ವರ್ಷ ಆ ಇಲಿ ಪ್ರಯೋಗವನ್ನು ಇನ್ನೊಬ್ಬರು ಮತ್ತೆ ಮಾಡ್ತಿದ್ದಾಗ ಪಕ್ಕದಲ್ಲಿ ನಿಂತು ನೋಡಿದ ರಸಾಯನ ವಿಜ್ಞಾನಿ ಪಾಲ್ ಲಾಟರ್‌ಬರ್‌ಗೆ, ಕತ್ತರಿಸದೇ ಹೊರಗಿಂದಲೇ ಸಿಗ್ನಲ್ ಎಲ್ಲಿಂದ ಬರ್ತಿದೆ ಅಂತ ಹೇಳೋಕಾಗಲ್ವಾ ಅನ್ನಿಸ್ತು. 1973ರಲ್ಲಿ ಎರಡು ಸಣ್ಣ ನೀರಿನ ಕೊಳವೆಗಳ ಚಿತ್ರ ‘ನೇಚರ್’ನಲ್ಲಿ ಅಚ್ಚಾಯ್ತು. ಅದೂ ಮೊದಲು ತಿರಸ್ಕಾರವಾಗಿ, ಆಮೇಲೆ. 2003ರ ನೊಬೆಲ್ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್‌ಗೆ ಹೋಯ್ತು. ಡಮೇಡಿಯನ್ ಪತ್ರಿಕೆಗಳಲ್ಲಿ ಪುಟ ತುಂಬಾ ಜಾಹೀರಾತು ಕೊಟ್ಟು ಪ್ರತಿಭಟಿಸಿದ. ಆ ಜಗಳ ಇಲ್ಲಿ ಬೇಡ ಬಿಡಿ.

ಚಿತ್ರ ಗೆದ್ದಮೇಲೆ ಸಂಖ್ಯೆ ಹಿಂದೆ ಸರೀತು. ಮಾಮೂಲಿ ಎಂಆರ್‌ಐ ಚಿತ್ರದ ಬಿಳುಪಿಗೆ ಯೂನಿಟ್ ಇಲ್ಲ. ಅದೇ ಮನುಷ್ಯ ಬೇರೆ ಯಂತ್ರದಲ್ಲಿ ಮಲಗಿದರೆ ಬೇರೆ ಅಂಕಿ. ‘ಪಕ್ಕದ ಜಾಗಕ್ಕಿಂತ ಕಪ್ಪಗಿದೆ’ ಅಂತಷ್ಟೇ ಹೇಳಬಹುದು.

ಪ್ರಾಸ್ಟೇಟಿಗೆ ಚಿತ್ರವಾದರೂ ಸಿಕ್ಕಿದ್ದು ದೊಡ್ಡ ಉಪಕಾರ ಅನ್ನಿ. ಅದಕ್ಕೂ ಮುಂಚೆ ರಕ್ತದಲ್ಲಿ ಪಿಎಸ್‌ಎ ಏರಿದ್ರೆ ಗ್ರಂಥಿಯ ಗೊತ್ತಾದ ಹತ್ತು-ಹನ್ನೆರಡು ಜಾಗಕ್ಕೆ ಸೂಜಿ ಚುಚ್ಚೋದು, ಗೆಡ್ಡೆಗೆ ತಾಗಿದ್ರೆ ತಾಗ್ತು. ಬ್ರಿಟನ್ನಿನಲ್ಲಿ 576 ಗಂಡಸರ ಮೇಲೆ ನಡೆದ ‘ಪ್ರಾಮಿಸ್’ ಅಧ್ಯಯನ 2017ರಲ್ಲಿ ಹೇಳಿದ್ದು: ಅಪಾಯದ ಕ್ಯಾನ್ಸರುಗಳಲ್ಲಿ ಈ ಸೂಜಿ ಹಿಡಿದಿದ್ದು ನೂರಕ್ಕೆ 48, ಎಂಆರ್‌ಐ ಗುರುತಿಸಿದ್ದು 93.

ಪ್ರಾಸ್ಟೇಟಿನಲ್ಲಿ ಸಂಖ್ಯೆ ಮತ್ತೆ ಒಳಗೆ ಬಂದಿದ್ದು ನೀರಿನ ಓಡಾಟದ ದಾರಿಯಿಂದ. ನೀರು ಅಲುಗಿದರೆ ಸಿಗ್ನಲ್ ಬದಲಾಗುತ್ತೆ ಅನ್ನೋದು ಹಳೇ ವಿಷಯ. 1950ರಲ್ಲೇ ಅರ್ವಿನ್ ಹಾನ್ ಗಮನಿಸಿದ್ದ. 1951ರಲ್ಲಿ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಜಿ. ಸೂರ್ಯನ್ ಅವರು ಹರಿಯೋ ದ್ರವಗಳಲ್ಲಿ ಇದೇ ಅನುರಣನವನ್ನು ಅಳೆದು ಲೇಖನ ಬರೆದಿದ್ರು. (ಮಲ್ಲೇಶ್ವರದ ಕಡೆ ಹೋಗುವಾಗ ಎಷ್ಟೋ ಸಲ ಆ ಕಾಂಪೌಂಡ್ ದಾಟಿದೀನಿ, ನನಗಿದು ಗೊತ್ತೇ ಇರ್ಲಿಲ್ಲ.) 1965ರಲ್ಲಿ ಸ್ಟೆಜ್ಸ್ಕಲ್ ಮತ್ತು ಟ್ಯಾನರ್ ಅದನ್ನು ಅಳೆಯೋ ಪಕ್ಕಾ ವಿಧಾನ ಕೊಟ್ಟರು. 1986ರಲ್ಲಿ ಡೆನಿ ಲ ಬಿಯಾನ್ ಆ ಅಳತೆಯನ್ನು ಮೆದುಳಿನ ಚಿತ್ರಕ್ಕೆ ತಂದ.

ಖಾಲಿ ಬಯಲಲ್ಲಿ ಮಗು ಎಲ್ಲೆಂದರಲ್ಲಿ ಓಡುತ್ತೆ. ತೇರಿನ ದಿನ ಅದೇ ಬಯಲಲ್ಲಿ ಕಾಲಿಡೋಕೂ ಜಾಗ ಇರಲ್ಲ. ಪ್ರಾಸ್ಟೇಟಿನ ಹೊರಭಾಗದಲ್ಲಿ ದ್ರವ ತುಂಬಿದ ನಾಳಗಳಿರ್ತವೆ, ನೀರಿಗೆ ಜಾಗ ಉಂಟು. ಕ್ಯಾನ್ಸರ್ ಕೋಶಗಳು ಒತ್ತೊತ್ತಾಗಿ ಕೂತಾಗ ಇಲ್ಲ. ಯಂತ್ರದ ‘ಬಿ’ ಅನ್ನೋ ಸೆಟ್ಟಿಂಗನ್ನು 0ರಿಂದ 1000ಕ್ಕೆ ಏರಿಸಿದಾಗ ಸಿಗ್ನಲ್ 100ರಿಂದ 20ಕ್ಕೆ ಇಳಿದರೆ, ಲೆಕ್ಕ ಸೆಕೆಂಡಿಗೆ ಸುಮಾರು 1600 ಚದರ ಮೈಕ್ರೊಮೀಟರ್ ಬರುತ್ತೆ. ಆರೋಗ್ಯದ ಹೊರಭಾಗ ಹೆಚ್ಚುಕಮ್ಮಿ ಹೀಗೆ. 37ಕ್ಕೆ ಮಾತ್ರ ಇಳಿದರೆ 1000, ಆಗ ಅನುಮಾನ. ಇದರ ಹೆಸರು ಎಡಿಸಿ. ಕೊನೆಗೂ ಯೂನಿಟ್ ಇರೋ ಸಂಖ್ಯೆ!

ಆದ್ರೆ 2012ರಲ್ಲಿ ಬಂದ ಪೈ-ರ್ಯಾಡ್ಸ್ ಈ ಸಂಖ್ಯೆಯ ಮೇಲೆ ನಿಲ್ಲಲಿಲ್ಲ. 2015ರ ಆವೃತ್ತಿ 750-900ಕ್ಕಿಂತ ಕೆಳಗಿದ್ರೆ ಗಮನಿಸಿ ಅಂದು, ಯಂತ್ರದಿಂದ ಯಂತ್ರಕ್ಕೆ ವ್ಯತ್ಯಾಸವಾಗುತ್ತೆ ಹುಷಾರು ಅಂತ್ಲೂ ಸೇರಿಸಿತು. ಅಂಕ ಕೊಡೋ ಪಟ್ಟಿಯಲ್ಲಿರೋದು ‘ಸ್ವಲ್ಪ ಕಪ್ಪು’, ‘ತುಂಬಾ ಕಪ್ಪು’ ಅನ್ನೋ ಥರದ ಮಾತುಗಳೇ. ಅದರಲ್ಲಿ ನಿಜವಾಗಿ ಅಳೆಯೋದು ಒಂದೇ, 4ನ್ನು 5ರಿಂದ ಬೇರೆ ಮಾಡೋ 1.5 ಸೆಂಟಿಮೀಟರ್. ಅದಕ್ಕೆ ಸ್ಕೇಲು ಸಾಕು.

ದೊಡ್ಡಪ್ಪನ ಸಿ.ಡಿ.ಯನ್ನು ಲ್ಯಾಪ್‌ಟಾಪಿಗೆ ಹಾಕಿ ಆ ಮಚ್ಚೆಯ ಮೇಲೆ ಕರ್ಸರ್ ಇಟ್ಟೆ: 940. ಆರು ತಿಂಗಳಾದ ಮೇಲೆ ಇನ್ನೊಂದು ಸೆಂಟರಿನ ಯಂತ್ರದಲ್ಲಿ 1080. ಕಾಯಿಲೆ ತಗ್ಗಿತೋ, ಯಂತ್ರ ಬದಲಾಗಿದ್ದಕ್ಕೋ? ಡಾಕ್ಟರು ಎರಡನ್ನೂ ನೋಡಿ, “ಈ ವ್ಯತ್ಯಾಸ ನಂಬಿಕೊಂಡು ನಾನು ಸುಮ್ಮನಿರಲ್ಲ, ಪಿಎಸ್‌ಎ ಏರ್ತಾ ಇದೆ” ಅಂದ್ರು. ಈ ಸಲ ಸೂಜಿ ನೇರವಾಗಿ ಆ ಮಚ್ಚೆಗೂ ಹೋಗುತ್ತೆ. ಬಯಾಪ್ಸಿ ಮುಂದಿನ ಮಂಗಳವಾರ. ದೊಡ್ಡಪ್ಪನಿಗೆ 1080 ಅಂತ ಹೇಳಿದ್ದಕ್ಕೆ ಮತ್ತೆ ಅದೇ ಪ್ರಶ್ನೆ, “ಎಷ್ಟಕ್ಕೆ?”